ಮುಚ್ಚಳ ತೆಗೆಯುವವರೆಗೆ

ಮೊನ್ನೆ ಅರಸೀಕೆರೆಯ ನಮ್ಮ ಮನೆಯಲ್ಲಿ ಮಗಳು ನಿತ್ಯಾ ಫೋನು ನೋಡಿಕೊಂಡು ಹಂಗೇರಿ ದೇಶದ ಕಡುಬು ಮಾಡುತ್ತಿದ್ದಳು. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಮೈದಾ ಕಲಸಿ, ಒಳಗೊಂದು ಪ್ಲಮ್ ಹಣ್ಣಿಟ್ಟು ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಡುವುದು. ತೇಲಿ ಬಂದ ಮೇಲೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸುವುದು. ಬೆಣ್ಣೆಯ ವಾಸನೆಗೆ ನನ್ನೊಳಗೇನೂ ಕದಲಲಿಲ್ಲ. ಹಬೆ ಮುಖಕ್ಕೆ ಬಡಿದಾಗ ಮಾತ್ರ, ಅಲ್ಲಿ ಇಲ್ಲವೇ ಇಲ್ಲದ ಒದ್ದೆ ಹುಲ್ಲಿನ ವಾಸನೆ ಮೂಗಿಗೆ ಬಂತು. ನಾನು ಹುಟ್ಟಿ ಬೆಳೆದ ಬಾಣಾವರದ ಮನೆಯಲ್ಲಿ ಕಡುಬು ಬೇಯುತ್ತಿದ್ದುದು ಹುಲ್ಲಿನ ಮೇಲೆ. ತಪ್ಪಲೆಯ ತಳದಲ್ಲಿ ನೀರು, ಅದರ ಮೇಲೆ ಭತ್ತದ ಹುಲ್ಲು, ಹುಲ್ಲಿನ ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಕಾಯಿಬೆಲ್ಲ ತುಂಬಿದ ಕಡುಬು. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಒಂದು ಬೇಕರಿ ಇದೆ.

ಕಡುಬಿನ ಅಂಚು ಮಡಿಸುವುದರಲ್ಲಿ ಅಪ್ಪನ ತಂಗಿ ಗಿರಿಜತ್ತೆಯನ್ನು ಮೀರಿಸುವವರಿರಲಿಲ್ಲ. ಹೆಬ್ಬೆರಳಿನಿಂದ ಒತ್ತುತ್ತಾ ಹೋದರೆ ಜಡೆ ಹೆಣೆದಂತೆ ಕಾಣುತ್ತಿತ್ತು. ನಮ್ಮಲ್ಲೊಂದು ಶಾಸ್ತ್ರವಿತ್ತು. ಕಡುಬು ಕಟ್ಟಿದವಳು ಮುಚ್ಚಳ ತೆಗೆಯುವವರೆಗೆ ಹೊಸಿಲು ದಾಟಬಾರದು. ದಾಟಿದರೆ ಕಡುಬೂ ಒಡೆಯುತ್ತದೆ, ಮನೆಯೂ ಒಡೆಯುತ್ತದೆ. ಮುಚ್ಚಳ ತೆಗೆಯುವುದು ಅಜ್ಜಿಯೊಬ್ಬಳ ಹಕ್ಕು.

ನಾನು ಚಿಕ್ಕವಳಿದ್ದಾಗ ಅತ್ತೆಗೆ ಬೇಲೂರಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಹೇಳಿದ ದಿನವೇ ಹೋಗಿ ಸೇರಿಕೊಳ್ಳದಿದ್ದರೆ ಕೆಲಸ ಬೇರೆಯವರಿಗೆ. ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಬಸ್ಸು ಇದ್ದದ್ದು ಒಂದೇ. ಆ ದಿನ ಬೆಳಿಗ್ಗೆ ಬ್ಯಾಗು ಹಿಡಿದು ನಡುಮನೆಗೆ ಬಂದವಳನ್ನು ಅಜ್ಜಿ ತಡೆದಳು.

"ಬರಿಗೈಲಿ ಹೋಗ್ತಾರೇನೆ ಹೊಸ ಊರಿಗೆ? ಒಂದ್ ಒಬ್ಬೆ ಕಡುಬು ಬೇಯಿಸ್ಕಂಡು ತಗಂಡೋಗು."

"ಬಸ್ಸಿಗೆ ಹೊತ್ತಾಯ್ತದೆ ಕಣವ್ವ."

"ಬಸ್ಸಿಗೇನು ಬರವಾ? ನಿನ್ನ ಬಿಟ್ಟೋಗಕ್ಕೆ ಅದೇನು ಕೈಹಿಡಿದ ಗಂಡನಾ?"

ಅತ್ತೆ ನಕ್ಕಳು ಎಂದು ನನ್ನ ನೆನಪು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು, ಬೇಗ ಬೇಗ ಒಂದು ಒಬ್ಬೆಗೆ, ಅಂದರೆ ತಪ್ಪಲೆ ಒಂದು ಸಲಕ್ಕೆ ಹಿಡಿಯುವಷ್ಟು, ಕಟ್ಟಿ ಒಲೆಯ ಮೇಲಿಟ್ಟಳು. ಅಜ್ಜಿ ಮುಚ್ಚಳ ಮುಚ್ಚಿ, "ಈಗ ಬತ್ತೀನಿ" ಎಂದು ತೋಟದ ಕಡೆ ಹೋದಳು. ಹಬೆ ಬಂತು. ಕಡುಬು ಬೆಂದ ವಾಸನೆಯೂ ಬಂತು. ಅಜ್ಜಿ ಬರಲಿಲ್ಲ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಅಡ್ಡ ಬರಲು ಯಾರೂ ಇರಲಿಲ್ಲ, ಅಲ್ಲಿದ್ದದ್ದು ಪುಟ್ಟ ಹುಡುಗಿ ನಾನು ಮತ್ತು ಒಂದು ತಪ್ಪಲೆ. ಅತ್ತೆ ಹೊಸಿಲಿನವರೆಗೆ ಹೋಗುವಳು, ರಸ್ತೆ ನೋಡುವಳು, ಮರಳಿ ಬರುವಳು. ತಳ ಹಿಡಿದೀತೆಂದು ಮುಚ್ಚಳದ ಅಂಚನ್ನು ಬೆರಳಷ್ಟೇ ಸರಿಸಿ, ತಾನೇ ತಪ್ಪಲೆಗೆ ನೀರು ಸುರಿಯುವಳು. ನೀರು ಮುಗಿದಿದ್ದರೆ ಒಲೆಯಾದರೂ ಅವಳನ್ನು ಬಿಡುತ್ತಿತ್ತಲ್ಲ ಎಂದು ಈಗ ಅನ್ನಿಸುತ್ತದೆ. ಬಸ್ಸಿನ ಹಾರನ್ ಕೇಳಿಸಿತು. ಬಸ್ ಸ್ಟ್ಯಾಂಡು ಮನೆಯಿಂದ ಅಷ್ಟು ದೂರ. ನಿಜವಾಗಿ ಕೇಳಿಸಿತೋ, ಕೇಳಿಸಬೇಕಿತ್ತೆಂದು ನಾನೇ ಆಮೇಲೆ ಸೇರಿಸಿಕೊಂಡೆನೋ ಹೇಳಲಾರೆ. ಬಸ್ಸು ಹೋದ ಮೇಲೇ ಅಜ್ಜಿ ಬಂದು ಮುಚ್ಚಳ ಎತ್ತಿದ್ದಂತೂ ಸುಳ್ಳಲ್ಲ.

"ಒಂದೂ ಒಡೆದಿಲ್ಲ ನೋಡೇ," ಎಂದಳು.

ಅತ್ತೆ ಬ್ಯಾಗಿನಿಂದ ಸೀರೆಗಳನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟಳು. ಆಮೇಲಿನ ಹಬ್ಬಗಳಿಗೆಲ್ಲ ಅವಳದೇ ಕಡುಬು. ನೆಂಟರ ಮದುವೆಗೆಂದು ಹಳೇಬೀಡಿನವರೆಗೆ ಹೋಗಿದ್ದುಂಟು. ಅಲ್ಲಿಂದ ಬೇಲೂರು ಎಷ್ಟು ದೂರ? ಅವಳು ಆ ಮನೆಯಲ್ಲೇ ತೀರಿಕೊಂಡಳು. ಅತ್ತೆ ಹೋದ ಮೇಲೆ ಅಮ್ಮನನ್ನು ಕೇಳಿದೆ, ಆ ಶಾಸ್ತ್ರ ಎಲ್ಲಿಯದು ಎಂದು. "ನನ್ನ ತವರಲ್ಲಿ ಹಂಗೇನಿರಲಿಲ್ಲ ಕಣೇ. ಅಕ್ಕಪಕ್ಕದೋರ ಮನೇಲೂ ಇಲ್ಲ. ನಿಮ್ಮಜ್ಜಿ ಹೇಳೋರು, ನಾವು ಕೇಳೋರು," ಎಂದಳು. ಅಜ್ಜಿ ಬೇಕೆಂದೇ ತೋಟದಲ್ಲಿ ಕೂತಳೇ? ಮಗಳಿಲ್ಲದ ಮನೆಯನ್ನು ನೆನೆದು ಹೆದರಿದ್ದಳೇ? ಅಥವಾ ಅವಳೂ ಎಂದೋ ಯಾವುದೋ ಮುಚ್ಚಳ ಕಾಯುತ್ತ ನಿಂತವಳೇ? ಕೇಳಲು ಈಗ ಯಾರೂ ಉಳಿದಿಲ್ಲ.

"ಅಮ್ಮಾ, ಸಕ್ಕರೆ ಪುಡಿ ಮರ್ತೆ, ತಂದ್ಬಿಡ್ತೀನಿ. ತೇಲಿದ ತಕ್ಷಣ ಆಫ್ ಮಾಡು," ಎಂದು ನಿತ್ಯಾ ಕೈಗೆ ಹಿಟ್ಟು ಮೆತ್ತಿಕೊಂಡೇ ಹೊಸಿಲು ದಾಟಿ ಓಡಿದಳು. ಅವಳ ಕಡುಬಿನ ಪಾತ್ರೆಗೆ ಮುಚ್ಚಳವೇ ಇರಲಿಲ್ಲ. ಉಂಡೆಗಳು ಒಂದೊಂದಾಗಿ ಮೇಲೆ ಬಂದವು. ಗ್ಯಾಸ್ ಆರಿಸಿದೆ. ಅಷ್ಟರಲ್ಲಿ ಗೇಟಿನಿಂದ ಸೊಪ್ಪಿನವಳು ಕೂಗಿದಳು, "ಬನ್ನಿ ಅಕ್ಕ, ದಂಟು ಚೆನ್ನಾಗೈತೆ." ಬಾಗಿಲ ತನಕ ಹೋದೆ. ಹೊಸಿಲ ಈಚೆ ನಿಂತೆ.

"ನೀನು ಹೋಗವ್ವ," ಎಂದೆ. "ಒಲೆ ಮೇಲೆ ಇಟ್ಟಿದೀನಿ."