ಕಾಲು ತಾಗಿದರೆ

ನನ್ನ ತಮ್ಮ ವಿಠ್ಠಲ ತನ್ನ ಮಗನಿಗೆ ಹೊನ್ನಪ್ಪ ಎಂದು ಹೆಸರಿಟ್ಟಾಗ ನಾನು ಅವನ ಜೊತೆ ಮಾತು ಬಿಟ್ಟಿದ್ದೆ. ನಮ್ಮ ಅಪ್ಪನ ಹೆಸರು, ಒಪ್ಪಿದೆ. ಆದರೆ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಹುಟ್ಟಿದ ಕೂಸು ಅದನ್ನು ಹೊತ್ತುಕೊಂಡು ಎಲ್ಲಿಗೆ ಹೋಗಬೇಕು? ಆದರೂ ಹೋಯಿತು. ಡಾಗಿಸ್‌ಗೆ ಹೋಯಿತು, ಶಾಲೆಗೆ ಹೋಯಿತು, ಹೋದಲ್ಲೆಲ್ಲ 'ಹೊನ್ನೆ' ಆಯಿತು. ಈಗ ಹದಿನಾರಕ್ಕೆ ಬಂದಿದ್ದಾನೆ. ಕಡ್ಡಿಯಂಥ ಕಾಲು, ಆದರೆ ಆ ಕಾಲಿನ ಓಟ ನೋಡಬೇಕು. ನಾನು ಟ್ರಾಮ್ ಸ್ಟಾಪಿನ ಈ ತುದಿಯಲ್ಲಿ ಏದುಸಿರು ಬಿಡುವಷ್ಟರಲ್ಲಿ ಅವನು ಆ ತುದಿಯ ಬಾಗಿಲಿಗೆ ಕೈ ಅಡ್ಡ ಕೊಟ್ಟು ನನಗಾಗಿ ಟ್ರಾಮನ್ನೇ ನಿಲ್ಲಿಸಿರುತ್ತಾನೆ.

ನಾನು ಕೆಲಸ ಮಾಡುವುದು ಡಾಗಿಸ್‌ನಲ್ಲಿ, ಅಂದರೆ ಪುಟ್ಟ ಮಕ್ಕಳನ್ನು ಬಿಟ್ಟುಹೋಗುವ ಜಾಗದಲ್ಲಿ. ಹೊನ್ನಪ್ಪ ನನ್ನ ಕೈಕೆಳಗೇ ಬೆಳೆದ. ಅವನ ತಾಯಿ ರಾಜಲಕ್ಷ್ಮಿ ಬೇರೆಲ್ಲದರಲ್ಲಿ ಸಡಿಲ, ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಯಾರಿಗಾದರೂ ಕಾಲು ತಾಗಿದರೆ ತಕ್ಷಣ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಪುಸ್ತಕಕ್ಕೂ ಅಷ್ಟೇ. ಮಗು ನೆಟ್ಟಗೆ ಮಾತಾಡುವುದಕ್ಕೆ ಮೊದಲೇ ಇದನ್ನು ಕಲಿತಿತ್ತು. ಡಾಗಿಸ್‌ನಲ್ಲಿ ಗೊಂಬೆ ತುಳಿದರೆ ಗೊಂಬೆಗೆ, ಪಕ್ಕದ ಮಗುವಿನ ಹಿಮದ ಬೂಟಿಗೆ ಕಾಲು ತಾಗಿದರೆ ಆ ಒದ್ದೆ ಬೂಟಿಗೆ, ಎಲ್ಲಕ್ಕೂ ನಮಸ್ಕಾರ. ಉಳಿದ ಮಕ್ಕಳೂ ಶುರುಮಾಡಿದವು. ಬಿಳಿ ಕೂದಲಿನ ಪುಟಾಣಿಗಳೆಲ್ಲ ಒಂದನ್ನೊಂದು ತುಳಿದು, ಮುಟ್ಟಿ, ಕಣ್ಣಿಗೊತ್ತಿಕೊಂಡು ಕಿಲಕಿಲ ನಗುತ್ತಿದ್ದವು. ನಮ್ಮ ಮೇಲಧಿಕಾರಿ ಲೀನಾ ಇದು ಧರ್ಮದ ವಿಷಯವೇ ಎಂದು ಕೇಳಿದಳು. ಅಲ್ಲ, ಇದು ಮರ್ಯಾದೆ ಎಂದೆ. ಎಷ್ಟು ಮುದ್ದಾಗಿದೆ ಎಂದಳು. ಅವತ್ತು ನನಗೆ ಎಂಥ ಜಂಬ ಅಂತೀರಿ!

ಆಮೇಲೆ ಅವನ ತಲೆಗೆ ಅಮೆರಿಕನ್ ಫುಟ್‌ಬಾಲ್ ಹೊಕ್ಕಿತು. ನಮ್ಮ ಕಾಲ್ಚೆಂಡಲ್ಲ ಇದು. ಹೆಲ್ಮೆಟ್ ಹಾಕಿಕೊಂಡು, ಹೆಗಲಿಗೆ ತಟ್ಟೆಯಂಥವು ಕಟ್ಟಿಕೊಂಡು, ಮಾವಿನಕಾಯಿ ಆಕಾರದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬೀಳುವ ಆಟ. ಅವನು ಸೇರಿದ ಕ್ಲಬ್ಬಿನಲ್ಲಿ ಮಿಕ್ಕವರೆಲ್ಲ ಬಾಗಿಲಿನಷ್ಟು ಅಗಲ. ನಮ್ಮವನ ಮೈಕಟ್ಟಿಗೆ ಹೊಂದುವುದು ಒಂದೇ ಜಾಗ: ರನ್ನಿಂಗ್ ಬ್ಯಾಕ್. ಚೆಂಡನ್ನು ಎದೆಗವಚಿಕೊಂಡು, ಗುದ್ದಾಡುವ ದಡಿಯರ ನಡುವಿನ ಸಂದಿಯಲ್ಲಿ ನುಗ್ಗಿ ಓಡುವವನು. ಊರಾಚೆಯ ಒಂದು ಹೈಸ್ಕೂಲಿನಲ್ಲಿ ಈ ಆಟವನ್ನು ಪಾಠದ ಜೊತೆಗೇ ಕಲಿಸುತ್ತಾರೆ. ಈ ಸಲ ಅವರಿಗೆ ಬೇಕಾಗಿದ್ದದ್ದು ಒಬ್ಬನೇ ರನ್ನಿಂಗ್ ಬ್ಯಾಕ್.

"ಸೆಲೆಕ್ಟ್ ಆದ್ರೆ ಸೈನ್ ಹಾಕ್ತೀನಿ," ಎಂದಿದ್ದ ವಿಠ್ಠಲ. "ಇಲ್ಲಾಂದ್ರೆ ಹೆಲ್ಮೆಟ್ ಕ್ಲಬ್ಬಿಗೆ ವಾಪಸ್. ಸೈನ್ಸ್ ತಗೊಂಡು ತೆಪ್ಪಗೆ ಓದ್ಬೇಕು. ಆಮೇಲೆ ಅಳೋ ಹಾಗಿಲ್ಲ."

ಹೊನ್ನಪ್ಪ ಸ್ವೀಡಿಷಿನಲ್ಲಿ ಆಯಿತು ಎಂದ. ಅಪ್ಪ ಅಮ್ಮನಿಗೆ ಉತ್ತರ ಕೊಡುವುದು ಸ್ವೀಡಿಷಿನಲ್ಲೇ. ನನ್ನ ಜೊತೆ ಮಾತ್ರ ಕನ್ನಡ, ಅದೂ ನಾನು ಬೇರೆ ಭಾಷೆಗೆ ಓಗೊಡುವುದಿಲ್ಲ ಅಂತ. ಮಗ ಏಟು ತಿನ್ನುವುದನ್ನು ನೋಡುವ ಧೈರ್ಯ ಹೆತ್ತವರಿಬ್ಬರಿಗೂ ಇರಲಿಲ್ಲ. ಹಾಗಾಗಿ ಆ ಶನಿವಾರ ಆಯ್ಕೆಗೆ ಅವನನ್ನು ಕರೆದುಕೊಂಡು ಹೋದವಳು ನಾನು.

ಬೆಳಿಗ್ಗೆ ಬರೀ ಓಟ. ಎಲ್ಲರಿಗಿಂತ ಮುಂದೆ ನಮ್ಮವನೇ. ಕೋಚ್ ಉಲ್ಫ್ ಎಂಬ ಗಡ್ಡದ ಮನುಷ್ಯ ಗಡಿಯಾರ ನೋಡಿ ಹುಬ್ಬೇರಿಸಿದ್ದನ್ನು ಕಣ್ಣಾರೆ ಕಂಡೆ. ಹಗ್ಗದಾಚೆ ನಿಂತು ಒಬ್ಬಳೇ ಚಪ್ಪಾಳೆ ತಟ್ಟಿದೆ. ಅಲ್ಲಿದ್ದ ಅಪ್ಪ ಅಮ್ಮಂದಿರು ಕಾಫಿ ಕುಡಿಯುತ್ತ ನನ್ನ ಕಡೆ ನೋಡಿದರು. ಈ ದೇಶದಲ್ಲಿ ಮಕ್ಕಳ ಆಟದಲ್ಲಿ ದೊಡ್ಡವರು ಗಲಾಟೆ ಮಾಡುವುದಿಲ್ಲ. ಮಾಡದಿದ್ದರೆ ಕತ್ತೆ ಬಾಲ.

ಆಮೇಲೆ ನಿಜವಾದ ಪರೀಕ್ಷೆ. ಕ್ಲಬ್ಬಿನಲ್ಲಿ ಹೊನ್ನಪ್ಪ ಯಾವಾಗಲೂ ಅಂಚಿನಿಂದ ಸುತ್ತಿ ಓಡುತ್ತಿದ್ದ. ಅಲ್ಲಿ ಕಾಲಡಿಗೆ ಯಾರೂ ಸಿಗುವುದಿಲ್ಲ. ಇಲ್ಲಿ ಉಲ್ಫ್ ನಡುಮಧ್ಯದಿಂದಲೇ ನುಗ್ಗಬೇಕು ಎಂದ. ಸೀಟಿ ಊದಿದ. ಚೆಂಡು ಹೊನ್ನಪ್ಪನ ಕೈಗೆ ಬಂತು. ದಡಿಯರು ಢೀ ಕೊಟ್ಟರು, ಒಬ್ಬ ಉರುಳಿದ, ಸಂದಿ ತೆರೆಯಿತು. ಹೊನ್ನಪ್ಪ ಬಾಣದ ಹಾಗೆ ನುಗ್ಗಿದ. ಮುಂದೆ ಬಯಲೇ ಬಯಲು. ಅಷ್ಟರಲ್ಲಿ ಅವನ ಬೂಟು ಕೆಳಗೆ ಬಿದ್ದವನ ಭುಜಕ್ಕೆ ತಾಗಿತು.

ಅವನು ನಿಂತ. ಬಗ್ಗಿದ. ಬಲಗೈಯಿಂದ ಆ ಭುಜ ಮುಟ್ಟಿ ಕೈಯನ್ನು ಕಣ್ಣಿಗೆ ತಂದ. ಹೆಲ್ಮೆಟ್ಟಿನ ಕಂಬಿಗೆ ಬೆರಳು ಬಡಿದದ್ದು ನನಗೇ ಕೇಳಿಸಿದ ಹಾಗಾಯಿತು. ಹಿಂದಿನಿಂದ ಇಬ್ಬರು ಬಂದು ಅಪ್ಪಳಿಸಿದರು. ಚೆಂಡು ಎಲ್ಲೋ ಉರುಳಿತು.

"ಯಾಕೆ ನಿಂತೆ?" ಎಂದು ಉಲ್ಫ್ ಕೇಳಿದ. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ.

ಹೊನ್ನಪ್ಪ ಗೊತ್ತಿಲ್ಲ ಎಂದ.

ನನಗೆ ಗೊತ್ತಿತ್ತು. ಆ ಮೈದಾನದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಹಗ್ಗ ಎತ್ತಿ ಒಳಗೆ ಕಾಲಿಡಲು ಹೋದೆ. ಸಹಾಯಕ್ಕಿದ್ದ ಹುಡುಗಿ ಬಂದು, ಹೆತ್ತವರು ಹೊರಗೇ ಇರಬೇಕು ಎಂದು ನಗುನಗುತ್ತಾ ಹೇಳಿದಳು. ನಾನು ಹೆತ್ತವಳಲ್ಲಮ್ಮ, ಸೋದರತ್ತೆ ಎಂದು ಅವಳಿಗೆ ಏನಂತ ವಿವರಿಸಲಿ?

ಊಟದ ಬಿಡುವಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದರೆ ಅವನು ಮುಟ್ಟಲಿಲ್ಲ.

"ನಾನು ಹೋಗಿ ಹೇಳ್ತೀನೋ ಆ ಗಡ್ಡದವ್ನಿಗೆ. ಇದು ನಮ್ಮಲ್ಲಿ ಅಭ್ಯಾಸ ಅಂತ."

"ಬೇಡ ಅತ್ತೆ. ಹೇಳಿದ್ರೆ ಏನಾಗತ್ತೆ? ನಂಗೋಸ್ಕರ ಬೇರೆ ರೂಲ್ ಮಾಡ್ತಾರಾ?" ಬೂಟಿನ ದಾರ ಬಿಗಿದುಕೊಂಡು, "ನಾನು ಮಾಡ್ಬೇಕು ಅಂತ ಮಾಡಲ್ಲ. ಅದೇ ಆಗತ್ತೆ. ನೀನು ನನ್ನ ಕೈ ಹಿಡ್ಕೋ," ಎಂದ.

"ಯಾಕೋ?"

"ಪ್ರಾಕ್ಟೀಸ್."

ಬೆಂಚಿನ ಮೇಲೆ ಪಕ್ಕದಲ್ಲಿ ಕೂತ. ನಾನು ಅವನ ಬಲಗೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೆ. ಅವನು ಬೂಟಿನ ತುದಿಯಿಂದ ನನ್ನ ಪಾದವನ್ನು ಮೆತ್ತಗೆ ತುಳಿದ. ಹಿಡಿದ ಕೈ ನನ್ನ ಮುಷ್ಟಿಯೊಳಗೆ ಮಿಸುಕಿತು. ಮತ್ತೆ ತುಳಿದ. ಮತ್ತೆ ಮಿಸುಕಿತು. ಹಲ್ಲು ಕಚ್ಚಿಕೊಂಡು ತುಳಿಯುತ್ತಲೇ ಹೋದ. ಚಿಕ್ಕಂದಿನಲ್ಲಿ ಇದೇ ಕೈಯನ್ನು ಹಿಡಿದು ರಸ್ತೆ ದಾಟಿಸುತ್ತಿದ್ದೆ. ಈಗ ಅದು ಮೇಲೇಳದ ಹಾಗೆ ಒತ್ತಿ ಹಿಡಿದಿದ್ದೆ. ಆದರೂ ಬಿಡಲಿಲ್ಲ, ಹುಡುಗ ಗೆಲ್ಲಬೇಕಿತ್ತಲ್ಲ. ಬಿಡುವು ಮುಗಿಯುವ ಹೊತ್ತಿಗೆ ಕೈ ಮಿಸುಕುವುದು ನಿಂತಿತು.

"ನಿಂತೋಯ್ತು ಅತ್ತೆ!" ಎಂದು ಎದ್ದು ಓಡಿದ.

ಮಧ್ಯಾಹ್ನ ಇನ್ನೊಂದು ಅವಕಾಶ. ಅದೇ ನಡುಮಧ್ಯ, ಅದೇ ನೂಕುನುಗ್ಗಲು. ಈ ಸಲವೂ ಒಬ್ಬ ಬಿದ್ದ, ಈ ಸಲವೂ ಬೂಟು ತಾಗಿತು. ಕೈ ಏಳಲಿಲ್ಲ! ಚೆಂಡನ್ನು ಅವುಚಿಕೊಂಡೇ ಇತ್ತು. ಆದರೆ ಕಾಲು ನಿಂತುಬಿಟ್ಟಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಹಿಂದಿನವರಿಗೆ ಅಷ್ಟು ಸಾಕಾಯಿತು. ಅವನ ನಂತರ ಓಡಿದ ಕೆಂಚುಕೂದಲಿನ ಹುಡುಗ ವೇಗದಲ್ಲಿ ಇವನ ಅರ್ಧವೂ ಇಲ್ಲ. ಆದರೆ ಕಾಲಡಿ ಸಿಕ್ಕವರನ್ನೆಲ್ಲ ಮೆಟ್ಟಿಕೊಂಡು ಗೆರೆ ದಾಟಿದ. ಅವನ ಮೇಲೆ ಸಿಟ್ಟು ಬಂತು. ಆದರೆ ಅವನ ತಪ್ಪೇನಿತ್ತು?

ಉಲ್ಫ್ ಹಗ್ಗದವರೆಗೂ ಬಂದು ನನ್ನ ಕೈ ಕುಲುಕಿದ. ಹುಡುಗ ತುಂಬ ಒಳ್ಳೆಯವನು, ಇಂಥ ವೇಗವನ್ನು ತಾನು ಅಪರೂಪಕ್ಕೆ ನೋಡುವುದು ಎಂದ. ವೇಗ ಇಲ್ಲದವನಿಗೆ ಸ್ವಲ್ಪ ಕಲಿಸಬಹುದು, ಓಟದ ನಡುವೆ ನಿಲ್ಲುವವನಿಗೆ ಏನು ಕಲಿಸಬೇಕೋ ತನಗೆ ತಿಳಿಯದು ಎಂದ. ನಾನು ಬೆಳಗಿನಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಸ್ವೀಡಿಷ್ ಮಾತೆಲ್ಲ ಗಂಟಲಿಗೆ ಬಂತು. ಅವನ ಬೆನ್ನ ಹಿಂದೆ ಹೊನ್ನಪ್ಪ ನನ್ನನ್ನೇ ನೋಡಿ ಬೇಡವೆಂದು ತಲೆಯಾಡಿಸಿದ. 'ಥ್ಯಾಂಕ್ಸ್' ಎಂದಷ್ಟೇ ಹೇಳಿದೆ. ಇಷ್ಟು ವರ್ಷ ಈ ದೇಶದಲ್ಲಿ ಬಾಯಿಬಡುಕಿ ಅನ್ನಿಸಿಕೊಂಡವಳು, ಬೇಕಾದಾಗ ನನ್ನಿಂದ ಬಂದದ್ದು ಅಷ್ಟೇ.

ಟ್ರಾಮಿನಲ್ಲಿ ಎದುರುಬದುರು ಕೂತೆವು. ಕ್ಲಬ್ಬಿಗೆ ಹಿಂತಿರುಗಿಸಬೇಕಾದ ಹೆಲ್ಮೆಟ್ ಅವನ ತೊಡೆಯ ಮೇಲಿತ್ತು. ವಿಠ್ಠಲನ ಫೋನು ಬರುತ್ತಲೇ ಇತ್ತು, ಇಬ್ಬರೂ ತೆಗೆಯಲಿಲ್ಲ. ಹುಡುಗ ಅಳಲೂ ಇಲ್ಲ, ಕಿಟಕಿಯಾಚೆ ನೋಡುತ್ತಿದ್ದ. ಯಾರನ್ನು ಬೈಯಲಿ? ರಾಜಲಕ್ಷ್ಮಿಯನ್ನೇ? ಉಲ್ಫನನ್ನೇ? ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ತಿರುವಿನಲ್ಲಿ ಟ್ರಾಮ್ ಜೋಲಿ ಹೊಡೆಯಿತು. ನನ್ನ ಬೂಟು ಜಾರಿ ಅವನ ಪಾದವನ್ನು ಮೆಟ್ಟಿತು. ನನಗೆ ಅರಿವಾಗುವ ಮೊದಲೇ ನನ್ನ ಕೈ ಅವನ ಮೊಣಕಾಲು ಮುಟ್ಟಿ ಕಣ್ಣಿಗೆ ಬಂದಿತ್ತು. ಅದು ಅಲ್ಲಿಯೇ ನಿಂತಿತು. ಇಳಿಸಲೂ ಆಗಲಿಲ್ಲ.

ಹೊನ್ನಪ್ಪ ಕಿಟಕಿಯಿಂದ ತಿರುಗಿ ಆ ಕೈಯನ್ನೇ ನೋಡಿದ. ಅವನ ತುಟಿ ನಗಲು ಹೋಗಿ ಅದುರಿತು.

"ಪರ್ವಾಗಿಲ್ಲ ಅತ್ತೆ," ಎಂದ. "ನೀನೂ ಸೆಲೆಕ್ಟ್ ಆಗ್ತಿರ್ಲಿಲ್ಲ."