ಜೈಲಿಂದ ಬಂದೋರಿಗೆ ಬಾಡಿಗೆ ಮನೆ

"ಕೊಲೆನೇ ಸಾರ್, ಆದ್ರೆ ಒಂದೇ ಒಂದು," ಅಂದೆ. ಮನೆ ಓನರ್ ಏನೂ ಕೇಳಿರ್ಲಿಲ್ಲ. ಜೈಲಿಂದ ಬಂದು ನನ್ನ ಪಕ್ಕ ಕೂತಿದ್ದ ನಂಜಪ್ಪಣ್ಣನ ಕೈ ನೋಡ್ತಿದ್ರು, ಅಷ್ಟೇ.

ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೆ ಕೆಲಸ ಕೊಟ್ಟಿದ್ದು ಒಂದು ಟ್ರಸ್ಟು. ಜೈಲಿಂದ ಬಿಡುಗಡೆ ಆದೋರು ಒಂದು ದಾರಿ ಆಗೋವರೆಗೂ ಇರಕ್ಕೆ ಮನೆ ಹುಡುಕ್ಬೇಕಿತ್ತು. ವಿಜಯನಗರ, ಅತ್ತಿಗುಪ್ಪೆ, ಎಲ್ಲಾ ಕಡೆ ಗೇಟಲ್ಲೇ ವಾಪಸ್ ಕಳಿಸಿದ್ರು. ಚಂದ್ರಾ ಲೇಔಟಲ್ಲಿ ಹಣೆ ತುಂಬಾ ವಿಭೂತಿ ಇಟ್ಕೊಂಡಿದ್ದ ಈ ಓನರ್ ಅಂಕಲ್ ಮಾತ್ರ ಒಳಗೆ ಕರೆದು ಕಾಫಿ ಕೊಟ್ರು. ಇದೂ ಹೋದ್ರೆ ನಂಜಪ್ಪಣ್ಣಂಗೆ ಮಲಗಕ್ಕೆ ಬಸ್‌ಸ್ಟ್ಯಾಂಡೇ ಗತಿ.

"ಕೋಪದಲ್ಲಿ ಆಗೋಗತ್ತೆ ಬಿಡಪ್ಪ, ಮನುಷ್ಯ ತಾನೆ," ಅಂದ್ರು ಅಂಕಲ್. ಕಾಲಿಗೆ ಬೀಳೋಣ ಅನ್ನಿಸ್ತು ನನಗೆ. ಅಷ್ಟರಲ್ಲಿ ಅವರು ನಂಜಪ್ಪಣ್ಣನ ಕಡೆ ತಿರುಗಿ, "ಮೊಟ್ಟೆ ತಿಂತೀರಾ?" ಅಂದ್ರು.

"ತಿಂತೀನಿ ಸಾರ್."

"ಮನೇಲಿ ಮಾಡಲ್ಲ ಅಂಕಲ್, ಹೊರಗಡೆ ತಿಂತಾರೆ," ಅಂತ ನಾನು ಮಧ್ಯೆ ಬಾಯಿ ಹಾಕಿದೆ.

"ಹೊಟ್ಟೇಲಿಟ್ಕೊಂಡು ಒಳಗೆ ಬರ್ತಾರಲ್ಲಪ್ಪ," ಅಂದ್ರು.

ನಂಜಪ್ಪಣ್ಣ ಕಾಫಿ ಮುಗಿಸಿ ಎದ್ರು. "ನೀವಿಬ್ರೂ ಮಾತಾಡ್ತಿರಿ, ನಾನು ಒಂದು ಆಮ್ಲೆಟ್ ತಿನ್ಕೊಂಡು ಬರ್ತೀನಿ," ಅಂದವರೇ ಹೊರಗೆ ಹೋಗಿ ಬಾಗಿಲು ಎಳ್ಕೊಂಡ್ರು.