ಖಾಲಿ ಬಿಟ್ಟ ಮೊದಲ ಪುಟ

ಹಿಂದೆ ರಾಯಚೂರಿನ ನಮ್ಮ ಓಣಿಗೆ ಒಂದು ವಾರಪತ್ರಿಕೆ ಬಂದರೆ ಅದು ಒಂದೇ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ತರಿಸುತ್ತಿದ್ದವರು ಟೀಚರಮ್ಮ. ಅವರಿಂದ ನಮ್ಮ ಮನೆಗೆ, ನಮ್ಮಿಂದ ಹಿಂದಿನ ಓಣಿಗೆ. ತಿರುಗಿ ಬರುವಷ್ಟರಲ್ಲಿ ಅದರ ಮೇಲೆ ಅರಿಶಿನದ ಬೆರಳು, ಚಹಾ ಲೋಟದ ಗುರುತು, ಒಂದೆರಡು ಒಗ್ಗರಣೆಯ ಸಾಸಿವೆ. ನಾನೇ ಒಂದು ಪತ್ರಿಕೆ ತರುತ್ತೇನೆಂದು ಹಟ ಹಿಡಿದಾಗ ತಲೆಯಲ್ಲಿದ್ದದ್ದು ಆ ಗುರುತುಗಳೇ.

"ಎಲ್ಲಾರ ಕೈಯಾಗ ಮೊಬೈಲ್ ಅದ. ನಿನ್ನ ಪೇಪರ್ ಯಾರು ಓದ್ತಾರ?" ಎಂದರು ನಮ್ಮ ಮನೆಯವರು.

"ನಿಮ್ಮ ಮೊಬೈಲ್ ಓದಿ ಮುಗಿಸಿ ಬಾಜೂ ಮನಿಗಿ ಕೊಡ್ತೀರೇನು?"

ಅವರು ಮೊಬೈಲನ್ನು ಅಂಗಿಯ ಜೇಬಿಗಿಳಿಸಿ ಚಹಾ ಕೇಳಿದರು.

ಜೊತೆಗೆ ನಿಂತವರು ಇಬ್ಬರು. ಮಾನ್ವಿಯಲ್ಲಿ ಬಳೆ ಅಂಗಡಿ ಇಟ್ಟಿರುವ ಗೆಳತಿ; ಅವಳಿಗೆ ನಾನು ಅಕ್ಕಾ, ನನಗೆ ಅವಳು ಆಪಾ. ದೇವದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ರೊಟ್ಟಿ ಬಡಿದು ಮಾರುವ ಇನ್ನೊಬ್ಬಾಕೆ. ಇಬ್ಬರೂ ಬರೆಯುವವರಲ್ಲ; ಫೋನಿನಲ್ಲಿ ಮಾತಾಡಿ ಕಳಿಸಿದರು, ನಾನು ಅಡುಗೆಮನೆಯಲ್ಲಿ ಕೂತು ಬರೆದುಕೊಂಡೆ. ದುಡಿಯಲು ದೂರದ ಊರಿಗೆ ಹೊರಟವರು ಬುತ್ತಿಗೆ ಏನೇನು ಕಟ್ಟಿಸಿಕೊಳ್ಳುತ್ತಾರೆ ಎಂದು ರೊಟ್ಟಿಯಾಕೆ ಹೇಳಿದಳು. ಬಳೆ ತೊಡಿಸಲು ಮದುಮಗಳ ಕೈ ಹಿಡಿದರೆ ಆಕೆಗೆ ಮದುವೆ ಮನಸ್ಸಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ಎಂದು ಆಪಾ ಹೇಳಿದಳು. ಅದು ಕೊನೆಯ ಪುಟಕ್ಕೆ ಹೋಯಿತು.

ಮೊದಲ ಪುಟವನ್ನು ಮಾತ್ರ ಪೂರ್ತಿ ಖಾಲಿ ಬಿಟ್ಟೆ. ಓದಿದವರು ಅಲ್ಲಿ ಹೆಸರು, ಊರು ಬರೆದು ಮುಂದಿನ ಮನೆಗೆ ಕೊಡಬೇಕು. ನನ್ನ ಪತ್ರಿಕೆಯ ಜೀವವೇ ಆ ಪುಟ.

ಅಚ್ಚಾದ ಪ್ರತಿಗಳನ್ನು ತರಲು ಪ್ರೆಸ್ಸಿಗೆ ಹೋದೆ. ಮಾಲೀಕರು ಖುಷಿಯಿಂದ ಒಂದನ್ನು ತೆರೆದು ಹಿಡಿದರು. ಮೊದಲ ಪುಟದ ತುಂಬ ರುಮಾಲು ಸುತ್ತಿದ ಅಕ್ಕಿ ಗಿರಣಿ ಸಾವಕಾರರು ಕೈಮುಗಿದು ನಿಂತಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ ಶುಭ ಸಂದೇಶ.

"ಇದ್ಯಾಕ್ರೀ ಇಲ್ಲಿ?"

"ನೀವಽ ಜಾಗ ಬಿಟ್ಟಿದ್ರಲ್ರೀ ಅಕ್ಕಾರ! ಯಾರ್‍ದೋ ಸಂದೇಶ ಬರೋದದ, ಹೆಣ್ಮಕ್ಕಳು ಕೇಳಾಕ ನಾಚ್ಕೊಂಡಾರ ಅಂತ ನಾನೇ ಹೋಗಿ ಕೇಳ್ಕೊಂಡು ಬಂದೆ. ಬಿಡುಗಡಿಗಿ ಅವರ ಕಲ್ಯಾಣ ಮಂಟಪ ಪುಕ್ಕಟೆ ಕೊಡ್ತಾರಂತ್ರಿ."

ಅವರನ್ನು ಬೈಯುವುದು ಹೇಗೆ? ನಮ್ಮ ಕಡೆ ಯಾವ ಪತ್ರಿಕೆ, ಯಾವ ಸ್ಮರಣ ಸಂಚಿಕೆ ತೆರೆದರೂ ಮೊದಲ ಪುಟಗಳಲ್ಲಿ ಕೈಮುಗಿದವರೇ ಇರುತ್ತಾರೆ. ಖಾಲಿ ಪುಟವೆಂದರೆ ಫೋಟೋ ಇನ್ನೂ ಬಂದಿಲ್ಲವೆಂದೇ ಅರ್ಥ. ಆ ಪುಟವನ್ನು ಹರಿದು ತೆಗೆಯೋಣವೆಂದರೆ, ಮೊದಲ ಪುಟ, ಕೊನೆಯ ಪುಟ ಎರಡೂ ಒಂದೇ ಹಾಳೆ; ಮಡಚಿ ನಡುವೆ ಪಿನ್ನು ಹೊಡೆದಿದ್ದಾರೆ. ಮೊದಲ ಪುಟ ಹರಿದರೆ ಅದರ ಜೋಡಿಯಾದ ಆಪಾಳ ಪುಟವೂ ಕಳಚಿ ಬೀಳುತ್ತದೆ.

ಆಪಾಳಿಗೆ ಫೋನು ಮಾಡಿದೆ. ಅವಳು ಬಿದ್ದು ಬಿದ್ದು ನಕ್ಕಳು. "ಅರೇ ಅಕ್ಕಾ, ಅಂಟು ಹಚ್ಚು, ಬಿಳಿ ಕಾಗದ ಬಡಿ. ಅಷ್ಟಕ್ಕ ಯಾಕ ಅಳಾಕತ್ತಿ?"

"ಸಾವಕಾರ್‍ರು ಮಂಟಪ ಕೊಡಂಗಿಲ್ಲ."

"ಮಂಟಪ ಓದ್ತದೇನು?"

ಆದರೂ ಸಾವಕಾರರಿಗೆ ಹೇಳದೆ ಅಂಟು ಕುದಿಸಬಾರದೆನಿಸಿತು. ಗಿರಣಿಗೇ ಹೋದೆ. ತವುಡಿನ ಧೂಳಿನ ನಡುವೆ ಕುರ್ಚಿ ಹಾಕಿಸಿ, ಮಜ್ಜಿಗೆ ಕೊಟ್ಟು, ಎಲ್ಲ ಕೇಳಿಸಿಕೊಂಡರು.

"ಅಂದ್ರ ನನ್ನ ಮಾರಿ ಮ್ಯಾಲ ಕಾಗದ ಬಡೀತೀಯೇನವ್ವಾ?"

"ನಿಮ್ಮ ಮ್ಯಾಲ ಸಿಟ್ಟಿಲ್ರೀ ಯಪ್ಪಾ. ಆ ಜಾಗ ಮೊದಲಽ ಬ್ಯಾರೆಯವರಿಗಿ ಕೊಟ್ಟೀನಿ."

"ನನಗಿಂತ ದೊಡ್ಡವ್ರು ಯಾರು?"

"ಓದೋರು."

"ಹಂಗಾರ ಅವರ ಮಂಟಪದಾಗ ಮಾಡ್ಕೋ ಹೋಗು."

"ಹೂಂ ರೀ, ಅಲ್ಲೇ ಮಾಡ್ತೀನಿ," ಎಂದೆ. ಮಜ್ಜಿಗೆ ಪೂರ್ತಿ ಕುಡಿದೇ ಎದ್ದೆ. ಉಪ್ಪು ಹದವಾಗಿತ್ತು.

ಮನೆಗೆ ಬಂದು ಮೈದಾಹಿಟ್ಟು ಕದಡಿ, ಹುಳ ಹಿಡಿಯದಿರಲೆಂದು ಚೂರು ಮೈಲುತುತ್ತ ಹಾಕಿ, ಉಪಯೋಗಕ್ಕೆ ಬಾರದ ಹಳೆಯ ಬೋಗುಣಿಯಲ್ಲಿ ಕುದಿಸಿದೆ. ಕಾಗದ ಕತ್ತರಿಸಲು ಮನೆಯವರೇ ಕೂತರು. "ಊರಾಗಿನ ದೊಡ್ಡ ಮನಶ್ಯಾನ್ನ ಮುಚ್ಚಾಕತ್ತೀವಿ, ಜರಾ ಸೊಟ್ಟ ಆಗಲಾರದಂಗ ಹಚ್ಚು," ಎಂದರು. ಪ್ರತಿಗಳನ್ನು ಹಾಸಿಗೆ, ಕಟ್ಟೆ, ಬೀಸುಕಲ್ಲಿನ ಮೇಲೆಲ್ಲ ಹರಡಿ ಒಣಗಿಸಿದೆವು.

ಬಿಡುಗಡೆ ಮಾನ್ವಿಯ ಬಳೆ ಅಂಗಡಿಯಲ್ಲಿ ನಡೆಯಿತು. ಮೈಕಿಲ್ಲ, ಹಾರವಿಲ್ಲ. ದೇವದುರ್ಗದ ಕಡೆಯ ಜಾಲಹಳ್ಳಿಯ ಹೆಣ್ಣುಮಗಳೊಬ್ಬಳು ಬಳೆ ತೊಡಿಸಿಕೊಳ್ಳುತ್ತ ಕೂತಿದ್ದಳು. ಪತ್ರಿಕೆಗಳ ಕಟ್ಟು ನೋಡಿ, "ಇದನ್ನ ಯಾರು ಬಿಚ್ಚೋರ್ರಿ?" ಎಂದು ಕೇಳಿದಳು.

"ನೀನೇ ಬಿಚ್ಚು. ಒಂದ್ ಕೈ ಖಾಲಿ ಅದಲ್ಲ," ಎಂದಳು ಆಪಾ.

ಆಕೆ ಹಲ್ಲಿನಿಂದ ಸುತಳಿ ಕಚ್ಚಿ ಎಳೆದು ಮೇಲಿನ ಪ್ರತಿಯನ್ನು ಕೈಗೆತ್ತಿಕೊಂಡಳು. ಮೊದಲ ಪುಟ ಮುಟ್ಟಿ, "ಭಾಳ ದಪ್ಪ ಅದಲ್ರೀ ಹಾಳಿ," ಎಂದಳು. ಆಪಾ ನನ್ನ ಮುಖ ನೋಡಿದಳು. ನಾನು ಬಳೆಗಳನ್ನು ನೋಡಿದೆ. ಆಕೆ ಕೂತಲ್ಲೇ ಓದಿ, ಆಪಾ ತೋರಿಸಿದ ಕಡೆ ತನ್ನ ಹೆಸರನ್ನೂ ಊರನ್ನೂ ನಿಧಾನವಾಗಿ ಬರೆದು, ಪತ್ರಿಕೆಯನ್ನು ಬಳೆಯ ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಂಡು ದೇವದುರ್ಗದ ಬಸ್ಸು ಹಿಡಿದಳು.

ಆ ಪ್ರತಿ ಎಲ್ಲೆಲ್ಲೋ ತಿರುಗಿ ರೊಟ್ಟಿ ಅಂಗಡಿಗೆ ಬಂತು. ನಾನು ಹೋದಾಗ ರೊಟ್ಟಿಯಾಕೆ ಅದನ್ನು ಹಿಟ್ಟಿನ ಡಬ್ಬಿಯ ಹಿಂದಿನಿಂದ ತೆಗೆದುಕೊಟ್ಟಳು. ಪುಟದ ತುಂಬ ಹೆಸರುಗಳು. ನೀಲಿ, ಕೆಂಪು, ಪೆನ್ಸಿಲ್ಲು. ಒಂದು ಉರ್ದುವಿನಲ್ಲಿ, ಎರಡು ಬರೀ ಹೆಬ್ಬೆಟ್ಟು. ಬರೆಯಲು ಬಾರದವರೂ ಯಾರಿಂದಲೋ ಓದಿಸಿ ಕೇಳಿದ್ದರು. ಯಾವುದೋ ಮಗು ಮೂಲೆಯ ಕಾಗದ ಕೆರೆದು ಸಾವಕಾರರ ರುಮಾಲಿನ ತುದಿ ಹೊರಗೆ ತಂದಿತ್ತು. ಬೇರೆಲ್ಲೂ ಜಾಗ ಉಳಿದಿರಲಿಲ್ಲ. ರುಮಾಲಿನ ಮೇಲೆಯೇ ಯಾರೋ ತಮ್ಮ ಹೆಸರು ಒತ್ತಿ ಬರೆದಿದ್ದರು.